ಎರಡು ಕುದುರೆ

ಅರ್ಜಿಯಲ್ಲಿ ಹುಟ್ಟೂರು ಹಿರಿಯೂರು ಅಂತ ಬರೆದಿದ್ದೀರಿ,
ಹಾಗಾಗಿ ಕನ್ನಡದಲ್ಲೇ ಹೇಳುತ್ತೇನೆ.
ಉಮ್ಮಲ್ ಕುವೈನಿನ ಈ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ
ಮಲಯಾಳದಲ್ಲಿ ಎಣ್ಣೆ ಹಚ್ಚಿದ್ದೇನೆ, ಅರಬಿಯಲ್ಲಿ ಬೀಗ ಹಾಕಿದ್ದೇನೆ,
ಉರ್ದುವಿನಲ್ಲಿ ಬೈಸಿಕೊಂಡಿದ್ದೇನೆ.
ಬಂದೂಕಿನ ಒಂದು ಭಾಗಕ್ಕೂ ಕನ್ನಡದ ಹೆಸರು ನಾಲಗೆಗೆ ಬರುವುದಿಲ್ಲ.
ತಡೀರಿ, ಒಂದು ಉಂಟು.
ಬೆರಳಲ್ಲಿ ಎಳೆಯುವ ಈ ಕೊಕ್ಕೆಗೆ
ಉಪ್ಪಿನಂಗಡಿಯಲ್ಲಿ ನಮ್ಮಜ್ಜ ಕುದುರೆ ಅನ್ನುತ್ತಿದ್ದರು.

ಕೂತುಕೊಳ್ಳಿ ವಿಶಾಲಾಕ್ಷಿಯವರೇ,
ಸುಲೈಮಾನಿ ಆರುವುದರೊಳಗೆ ಆರಿಸುವ.

ಮೂರು ಉಂಟು. ಮೂರಕ್ಕೂ ಒಂದೇ ತೋಟೆ, ಪಾಯಿಂಟ್ ಟೂ ಟೂ.
ಕೈಯಲ್ಲಿ ಹಿಡಿದು ನೋಡಿ, ಹೆದರಬೇಡಿ.
ಕಿಡಿ ಇರುವುದು ನಡುವಿನಲ್ಲಲ್ಲ, ಅಂಚಿನಲ್ಲಿ.
ಸೀರೆಯ ಅಂಚು ಮಡಚಿ ಹೊಲಿಯುತ್ತಾರಲ್ಲ, ಆ ಮಡಿಕೆಯೊಳಗೆ.
ಸೂಜಿ ಅಲ್ಲಿಗೆ ಚಿವುಟಿದರೆ ಸಾಕು.
ಹೆಗಲಿಗೆ ತಾಗುವುದು
ಬೆಕ್ಕಿನ ಮರಿ ತಲೆ ಒರಸಿದಷ್ಟು.

ಈ ಕಪ್ಪು ಪ್ಲಾಸ್ಟಿಕ್ಕಿನದು ಇಪ್ಪತ್ತೈದು ತಿನ್ನುತ್ತದೆ,
ಕಡಲೆ ಹುರಿದ ಹಾಗೆ ಉಗುಳುತ್ತದೆ.
ಹುಡುಗರಿಗೆ ಇದೇ ಬೇಕು.
ಕೊನೆಗೆ ಕಾಗದದಲ್ಲಿ ನಾಲ್ಕು ತೂತು, ಆಚೆ ಮಣ್ಣಿನ ದಿಬ್ಬದಲ್ಲಿ ಇಪ್ಪತ್ತೊಂದು,
ಯಾವುದು ಯಾಕೆ ತಪ್ಪಿತು ಅಂತ ಯಾರಿಗೂ ಗೊತ್ತಿಲ್ಲ.

ದುರ್ಬೀನು ಕಟ್ಟಿದ್ದು ಚಂದ ಕಾಣುತ್ತದೆ, ಒಪ್ಪುವ.
ಆದರೆ ಹೊರಗೆ ನೋಡಿ,
ಅಸರ್ ಆಗಿ ಗಂಟೆಯಾದರೂ ಮರಳು ಇನ್ನೂ ಕುದಿಯುತ್ತಿದೆ.
ಹತ್ತು ಪಟ್ಟು ಹತ್ತಿರ ತರುವ ಗಾಜು
ಬಿಸಿಲ್ಗುದುರೆಯನ್ನೂ ಹತ್ತು ಪಟ್ಟು ದೊಡ್ಡದು ಮಾಡುತ್ತದೆ.
ಗುರಿ ನೀರಿನ ಮೇಲೆ ತೇಲಿದ ಹಾಗೆ ಕಾಣುತ್ತದೆ,
ನಿಮ್ಮ ಎದೆಬಡಿತ ಕೂಡ.
ಒಂದು ಕುದುರೆ ಬೆರಳ ಕೆಳಗೆ, ಇನ್ನೊಂದು ಕಣ್ಣ ಮುಂದೆ.
ಮೊದಲ ದಿನವೇ ಎರಡನ್ನೂ ಪಳಗಿಸಲಿಕ್ಕೆ ಆಗುತ್ತದಾ ಮಾರಾಯ್ರೆ?

ಇನ್ನು ಇದು.
ಒಂದು ಸಲಕ್ಕೆ ಒಂದೇ ತೋಟೆ.
ಬೋಲ್ಟ್ ಎತ್ತಿ, ಹಿಂದಕ್ಕೆ, ಹಾಕಿ, ಮುಂದಕ್ಕೆ, ಒತ್ತಿ:
ಅಜ್ಜನ ಕೊಟ್ಟಿಗೆಯ ಬಾಗಿಲಿನ ಅಗುಳಿ ಇದಕ್ಕಿಂತ ಕಷ್ಟ ಇತ್ತು.
ತಪ್ಪಿದರೆ ಮತ್ತೆ ತುಂಬುವಷ್ಟು ಹೊತ್ತು
ಯಾಕೆ ತಪ್ಪಿತು ಅಂತ ಯೋಚಿಸಲೇಬೇಕು.
ನನಗೆ ಗೊತ್ತಿರುವ ಗುರು ಅದೊಂದೇ.

ಹಿಡಿಯ ಹಿಂದೆ ಬೇರೆ ಬಣ್ಣದ ಹಲಗೆ ನೋಡಿದಿರಾ? ಮೂರು ತುಂಡು.
ಹಮ್ದಾನ್ ಒಂಬತ್ತು ವರ್ಷದ ಹುಡುಗ ಇದ್ದಾಗ ನಾನೇ ಗರಗಸ ಹಾಕಿ ಮೋಟು ಮಾಡಿದ್ದು,
ಅವನು ಬೆಳೆದ ಹಾಗೆ ಒಂದೊಂದು ತುಂಡು ಸೇರಿಸಿದ್ದು.
ಒಂದು ತೇಗ, ಹಳೆಯ ದೋಣಿಯದು. ಇನ್ನೊಂದು ಕುರ್ಚಿಯ ಕಾಲು.
ಮೂರನೆಯದು ಯಾವ ಮರವೋ, ಮರೆತೆ.
ಈಗ ಅವನಿಗೆ ಗಡ್ಡ ಬಂದಿದೆ, ಕಪ್ಪಿನದ್ದೇ ಇಷ್ಟ.

ಮೊಣಕೈ ಮಡಚಿ. ಹಿಡಿ ಇಲ್ಲಿ ಊರಿ. ಬೆರಳು ಎಟಕುತ್ತದಾ?
ಇಲ್ಲ ಅಲ್ವಾ. ಎರಡು ತುಂಡು ಬಿಚ್ಚುವ.
ಸ್ಕ್ರೂ ಸ್ವಲ್ಪ ತುಕ್ಕು ಹಿಡಿದಿದೆ, ಸಮುದ್ರದ ಗಾಳಿ...
ಆಯ್ತು.
ಖಾಲಿ ಇದ್ದಾಗ ಸುಮ್ಮನೆ ಕುದುರೆ ಎಳೆಯಬೇಡಿ,
ಸೂಜಿ ನಳಿಗೆಯ ಬಾಯಿಗೇ ಬಡಿಯುತ್ತದೆ.
ನಳಿಗೆ ಯಾವಾಗಲೂ ಮಣ್ಣಿನ ದಿಬ್ಬದ ಕಡೆಗೆ.
ನನ್ನ ಕಡೆಗೆ ಅಲ್ಲ! ಪರವಾಗಿಲ್ಲ, ಎಲ್ಲರೂ ಒಂದು ಸಲ ತಿರುಗಿಸುತ್ತಾರೆ.
ಒಂದು ಸಲ ಮಾತ್ರ.

ಒಂದು ಕಣ್ಣು ಮುಚ್ಚಬೇಕಾಗಿಲ್ಲ.
ಹೆಸರಿಗೆ ತಕ್ಕ ಹಾಗೆ ಎರಡೂ ತೆರೆದಿರಿ.
ಮುಂದಿನ ಮಣಿ ಸ್ಪಷ್ಟ ಕಾಣಲಿ, ಗುರಿ ಮಸುಕಾದರೆ ಆಗಲಿ.
ಉಸಿರು ಅರ್ಧ ಬಿಟ್ಟು ನಿಲ್ಲಿ.
ಎಳೆಯಬೇಡಿ, ಹಿಂಡಿ,
ಸದ್ದು ನಿಮಗೇ ಆಶ್ಚರ್ಯ ಆಗಬೇಕು.

ಎಡಕ್ಕೆ, ಕೆಳಗೆ. ಎರಡನೆಯದೂ ಎಡಕ್ಕೆ, ಕೆಳಗೆ.
ನಗಬೇಡಿ, ಇದು ಒಳ್ಳೆಯ ಸುದ್ದಿ:
ಎರಡು ಸಲ ಒಂದೇ ತಪ್ಪು ಮಾಡಿದವರಿಗೆ ಕಲಿಸಬಹುದು.

ಪೆಟ್ಟಿಗೆಯಲ್ಲಿ ನಲವತ್ತೆಂಟು ಉಳಿದಿದೆ, ವಾರಕ್ಕೆ ಸಾಕು.
ಅರ್ಜಿಯಲ್ಲಿ ‘ಕಾರಣ’ ಅಂತ ಇರುವ ಜಾಗ ಖಾಲಿ ಬಿಟ್ಟಿದ್ದೀರಿ.
ಮೊದಲು ಏನೋ ಬರೆದು, ಮತ್ತೆ ಉಜ್ಜಿದ ಗುರುತು ಉಂಟು.
ನಾನು ಕೇಳುವುದಿಲ್ಲ.
ಕಲಿಯಲಿಕ್ಕೆ ಅಂತ ಬರೆದುಕೊಳ್ಳುತ್ತೇನೆ, ಆಗಬಹುದಾ?

ಬಾಂಗ್ ಆಯ್ತು.
ಬೋಲ್ಟ್ ತೆರೆದಿಟ್ಟು ಮೇಜಿನ ಮೇಲೆ ಮಲಗಿಸಿ.
ನಾನು ನಮಾಜು ಮುಗಿಸಿ ಬರುತ್ತೇನೆ,
ಅಷ್ಟರಲ್ಲಿ ಮರಳೂ ಸ್ವಲ್ಪ ತಣಿಯುತ್ತದೆ.